ಮಂಚದಿಂದ ಜಗುಲಿಗೆ, ಜಗುಲಿಯಿಂದ ತೋಟಕ್ಕೆ: ಬೆನ್ನುಹುರಿಗೆ ಪೆಟ್ಟಾದವರಿಗೆ ಮಲೆನಾಡಿನ ಮನೆಯನ್ನು ಸಜ್ಜು ಮಾಡುವ ಬಗೆ

ಅಡಿಕೆ ಮರದಿಂದ ಬಿದ್ದೋ ಬೈಕಿನಿಂದ ಬಿದ್ದೋ ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಎಷ್ಟೋ ಮನೆಗಳಲ್ಲಿ ಮಂಚ ಹಾಕುವುದು ಒಳಕೋಣೆಯಲ್ಲಿ. ಬಂದವರ ಕಣ್ಣಿಗೆ ಬೀಳುವುದು ಬೇಡ, ಥಂಡಿ ಗಾಳಿ ತಾಗುವುದು ಬೇಡ, ಮಲಗಿ ಸುಧಾರಿಸಿಕೊಳ್ಳಲಿ ಎಂಬ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಆ ಕೋಣೆಗೂ ಜಗುಲಿಗೂ ನಡುವೆ ಎರಡು ಮೂರು ಹೊಸ್ತಿಲು. ಮಳೆ ಹಿಡಿದರೆ ಗೋಡೆ ಬೆವರುತ್ತದೆ, ಹಾಸಿಗೆ ಒಣಗುವುದಿಲ್ಲ. ಒಮ್ಮೆ ಅಲ್ಲಿ ಹಾಕಿದ ಮಂಚ ವರ್ಷ ಕಳೆದರೂ ಹೊರಗೆ ಬರುವುದಿಲ್ಲ.

ಮೊದಲ ದಿನವೇ ಮಂಚವನ್ನು ಜಗುಲಿಗೆ ತಾಗಿದ ಕೋಣೆಯಲ್ಲಿ ಹಾಕಿಸಿ. ಮುಂದೆ ಬರುವ ಅಳತೆಗಳೂ ಎಚ್ಚರಿಕೆಗಳೂ ಇದೇ ಉದ್ದೇಶಕ್ಕೆ: ದಿನಾ ಬೆಳಗ್ಗೆ ನೀವು ಎದ್ದು ಕೂತು ಜಗುಲಿಗೆ ಬರಬೇಕು, ಅಲ್ಲಿಂದ ಅಂಗಳಕ್ಕೆ, ತೋಟಕ್ಕೆ, ಪೇಟೆಗೆ ಹೋಗುವಂತಾಗಬೇಕು. ಇಲ್ಲಿ ‘ನೀವು’ ಎಂದರೆ ವೀಲ್‌ಚೇರ್‌ನಲ್ಲಿ ಕೂತವರು. ಮನೆಯವರೂ ಜೊತೆಗೆ ಕೂತು ಓದಿದರೆ ಒಳ್ಳೆಯದು, ಏಕೆಂದರೆ ಅರ್ಧ ಕೆಲಸ ಬಡಗಿಗೂ ಗಾರೆಯವರಿಗೂ ಹೇಳಿ ಮಾಡಿಸುವಂಥದ್ದು.

ಹೊಸ್ತಿಲು ಮತ್ತು ಇಳಿಜಾರು

ಹೊಸ್ತಿಲನ್ನು ಕಡಿಸಬೇಕಾಗಿಲ್ಲ. ಹೊಸ್ತಿಲಿಗೆ ಪೂಜೆ ಮಾಡುವ ಮನೆಯಲ್ಲಿ ಕಡಿಯುವ ಮಾತು ತೆಗೆದರೆ ಕೆಲಸವೇ ನಿಂತುಹೋಗುತ್ತದೆ. ಅದರ ಬದಲು ಹೊಸ್ತಿಲಿನ ಎರಡೂ ಬದಿಗೆ ಮರದ ಬೆಣೆಯಂಥ ಇಳಿಜಾರು ಹಲಗೆ ಮಾಡಿಸಿ. ಏಳೂವರೆ ಸೆಂಟಿಮೀಟರ್ ಎತ್ತರದ ಹೊಸ್ತಿಲಿಗೆ ಒಂದೊಂದು ಬದಿಗೂ 60 ಸೆಂ.ಮೀ. ಉದ್ದ ಬೇಕು, ಅಂದರೆ ಒಂದಕ್ಕೆ ಎಂಟರ ಲೆಕ್ಕ. ಹಲಗೆಯ ಕೆಳಗೆ ಹಳೆಯ ಸೈಕಲ್ ಟಯರ್ ತುಂಡು ಹೊಡೆಸಿದರೆ ಜಾರುವುದಿಲ್ಲ. ಹಬ್ಬದ ದಿನ ಎತ್ತಿಟ್ಟು ಹೊಸ್ತಿಲು ತೊಳೆದು ರಂಗೋಲಿ ಹಾಕಬಹುದು.

ಜಗುಲಿಯಿಂದ ಅಂಗಳಕ್ಕೆ ಇಳಿಯುವಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಒಂದಕ್ಕೆ ಹನ್ನೆರಡು ಬೇಕೇ ಬೇಕು. ಜಗುಲಿ ಒಂದೂವರೆ ಅಡಿ ಎತ್ತರವಿದ್ದರೆ ಇಳಿಜಾರಿನ ಉದ್ದ 18 ಅಡಿ. ‘ಅಷ್ಟುದ್ದ ಯಾಕೆ, ಆರಡಿ ಸಾಕು’ ಎಂದು ಗಾರೆಯವರು ಹೇಳಿಯೇ ಹೇಳುತ್ತಾರೆ, ಒಪ್ಪಬೇಡಿ. ಆರಡಿಯ ಇಳಿಜಾರಿನಲ್ಲಿ ನಿಮ್ಮನ್ನು ಇನ್ನೊಬ್ಬರು ತಳ್ಳಬೇಕು, ಇಳಿಯುವಾಗ ಕುರ್ಚಿ ಮುಗ್ಗರಿಸುತ್ತದೆ. ಹದಿನೆಂಟು ಅಡಿಯದರಲ್ಲಿ ನೀವೇ ಕೈಯಿಂದ ಗಾಲಿ ತಿರುಗಿಸಿಕೊಂಡು ಹತ್ತಬಹುದು. ಅಗಲ 120 ಸೆಂ.ಮೀ. ಇರಲಿ. ಮೇಲೆ ಬಾಗಿಲ ಮುಂದೆ ಐದಡಿಗೆ ಐದಡಿ ಸಮತಟ್ಟು ಜಾಗ ಬೇಕು, ಇಲ್ಲದಿದ್ದರೆ ಬಾಗಿಲು ತೆಗೆಯುವಾಗ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಎರಡೂ ಅಂಚಿಗೆ ಮೂರು ಇಂಚಿನ ಕಟ್ಟೆ, ಒಂದು ಬದಿಗಾದರೂ ಮೂರಡಿ ಎತ್ತರದ ಪೈಪು.

ಅಂಗಳದ ಮಧ್ಯಕ್ಕೆ ನೇರವಾಗಿ ಚಾಚಬೇಡಿ. ಅಡಿಕೆ ಒಣಗಿಸುವ ಜಾಗ ಹೋಯಿತೆಂದು ಮುಂದಿನ ವರ್ಷ ಅದನ್ನು ಒಡೆಯುವ ಯೋಚನೆ ಬರುತ್ತದೆ. ಜಗುಲಿಯ ಗೋಡೆಗೆ ಒತ್ತಿ, ಸೂರಿನ ಕೆಳಗೆ ಬರುವಂತೆ ಕಟ್ಟಿಸಿ. ಸೂರಿನ ನೀರು ಬೀಳುವ ಗೆರೆಯ ಒಳಗೇ ಇಳಿಜಾರು ಮುಗಿಯಬೇಕು. ಆಗದಿದ್ದರೆ ಅಲ್ಲಿಗೆ ಶೀಟು ಚಾಚಿಸಿ, ಸೂರಿನ ನೀರು ಹರಿದುಹೋಗುವ ದೋಣಿ ಕೂರಿಸಿ. ಎರಚಲು ತಡೆಯಲು ಮಳೆಗಾಲಕ್ಕೆ ಸೋಗೆಯ ತಟ್ಟಿ ಕಟ್ಟುವ ಮನೆಗಳಲ್ಲಿ ತಟ್ಟಿಯ ಗೂಟಗಳನ್ನು ಇಳಿಜಾರಿನ ಹೊರಗೆ ಹುಗಿಯಿರಿ.

ಮೇಲ್ಮೈಯನ್ನು ನುಣ್ಣಗೆ ಮಾಡಿಸಬಾರದು. ಸಿಮೆಂಟ್ ಹಸಿಯಿರುವಾಗ ತೆಂಗಿನ ಕಡ್ಡಿ ಪೊರಕೆಯಿಂದ ಅಡ್ಡಡ್ಡ ಗೆರೆ ಎಳೆಸಿ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಬರುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದೇ ದಿನಕ್ಕೆ ಪಾಚಿ ಕಟ್ಟುತ್ತದೆ. ಬ್ಲೀಚಿಂಗ್ ಪೌಡರ್ ಕದಡಿದ ನೀರು ಸುರಿದು ಕಾಲು ಗಂಟೆ ಬಿಟ್ಟು ತಂತಿ ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ತಿಂಗಳಿಗೆ ಎರಡು ಸಲ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಗೋಣಿಚೀಲ, ನಾರಿನ ಮ್ಯಾಟು ಹಾಸಬೇಡಿ, ನೀರು ಹಿಡಿದು ಗಾಲಿಯ ಜೊತೆ ಅದೇ ಜಾರುತ್ತದೆ.

ಕುರ್ಚಿ

ದಾನವಾಗಿ ಬಂದ, ಯಾರಿಗೋ ತಂದ ಕುರ್ಚಿಯಲ್ಲಿ ಕೂರುವುದರಿಂದಲೇ ಅರ್ಧ ತೊಂದರೆ ಶುರುವಾಗುತ್ತದೆ. ಸೀಟಿನ ಅಗಲ ನಿಮ್ಮ ಸೊಂಟದ ಅಗಲಕ್ಕಿಂತ ಎರಡೂವರೆ ಸೆಂ.ಮೀ. ಹೆಚ್ಚಿದ್ದರೆ ಸಾಕು. ಅದಕ್ಕಿಂತ ಅಗಲವಾದರೆ ದೇಹ ಒಂದು ಬದಿಗೆ ವಾಲಿ ಒಂದೇ ಅಂಡಿನ ಮೇಲೆ ಭಾರ ಬೀಳುತ್ತದೆ. ಸೀಟಿನ ಮುಂದಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಮೂರು ಬೆರಳು ಜಾಗ ಇರಲಿ. ತೊಡೆ ಪೂರ್ತಿ ಸೀಟಿಗೆ ಊರುವಂತೆ ಕಾಲುಹಲಗೆಯ ಎತ್ತರ ಸರಿಮಾಡಿಸಿ. ಮೊಣಕಾಲು ಮೇಲೆದ್ದು ಕೂತರೆ ಭಾರವೆಲ್ಲ ಬಾಲಮೂಳೆಗೆ ಬೀಳುತ್ತದೆ.

ನಮ್ಮ ಕಡೆಯ ನೆಲಕ್ಕೆ ಮುಂದಿನ ಸಣ್ಣ ಗಾಲಿ ಎಂಟು ಇಂಚಿನದಿರಬೇಕು. ಐದು ಇಂಚಿನದು ಆಸ್ಪತ್ರೆಯ ಟೈಲ್ಸಿಗೆ ಸರಿ, ಅಂಗಳದ ಜಲ್ಲಿಯಲ್ಲಿ ಹೂತುಹೋಗಿ ಸವಾರನನ್ನು ಮುಂದಕ್ಕೆ ಎಸೆಯುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗಾಲಿ ಒರೆಸಿ, ಅಚ್ಚಿಗೆ ಸುತ್ತಿದ ಕೂದಲು, ನಾರು ತೆಗೆದು ಗ್ರೀಸ್ ಹಾಕಿ. ಟಯರಿನಲ್ಲಿ ಗಾಳಿ ಕಮ್ಮಿಯಾದರೆ ಬ್ರೇಕ್ ಹಿಡಿಯುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಮೆತ್ತೆ ಕುರ್ಚಿಗಿಂತ ಮುಖ್ಯ. ಮೂರು ನಾಲ್ಕು ಇಂಚು ದಪ್ಪದ ಗಟ್ಟಿ ಫೋಮ್ ಕನಿಷ್ಠ. ಮೆತ್ತೆಯ ಮೇಲೆ ಕೂತು ಅಂಡಿನ ಮೂಳೆಯ ಕೆಳಗೆ ಬೇರೆಯವರು ಅಂಗೈ ತೂರಿಸಿ ನೋಡಲಿ: ಮೂಳೆಗೂ ತಳಕ್ಕೂ ನಡುವೆ ಒಂದು ಇಂಚು ದಪ್ಪ ಉಳಿದಿರಬೇಕು. ಇಲ್ಲದಿದ್ದರೆ ಮೆತ್ತೆ ಸತ್ತಿದೆ, ಬದಲಿಸಿ. ಸೈಕಲ್ ಟ್ಯೂಬ್ ಊದಿ ಬಳೆಯಂತೆ ಮಾಡಿ ಕೂರಿಸುವ ರೂಢಿ ಇನ್ನೂ ಇದೆ. ಅದು ಸುತ್ತಲಿನ ರಕ್ತ ಓಡಾಟವನ್ನೇ ತಡೆದು ಗಾಯ ಮಾಡುತ್ತದೆ, ಖಂಡಿತ ಬೇಡ.

ಮಂಚದಿಂದ ಕುರ್ಚಿಗೆ

ಮಂಚದ ಎತ್ತರ, ಹಾಸಿಗೆ ಸೇರಿ, ಕುರ್ಚಿಯ ಮೆತ್ತೆಯ ಎತ್ತರಕ್ಕೆ ಸರಿಸಮ ಇರಬೇಕು, ಸುಮಾರು 50 ಸೆಂ.ಮೀ. ಹಳೆಯ ಮಂಚ ಎತ್ತರವಿದ್ದರೆ ಕಾಲು ಕೊಯ್ಸಿ, ತಗ್ಗಿದ್ದರೆ ಕಾಲಿನ ಕೆಳಗೆ ಮರದ ತುಂಡು ಕೊಟ್ಟು ಅಲ್ಲಾಡದಂತೆ ಮಾಡಿ.

ಕುರ್ಚಿಯನ್ನು ಮಂಚಕ್ಕೆ ಓರೆಯಾಗಿ, 30ರಿಂದ 45 ಡಿಗ್ರಿಯಲ್ಲಿ ತನ್ನಿ. ಕೊನೆಯಲ್ಲಿ ಸ್ವಲ್ಪ ಹಿಂದಕ್ಕೆ ಎಳೆದು ನಿಲ್ಲಿಸಿದರೆ ಮುಂದಿನ ಸಣ್ಣ ಗಾಲಿಗಳು ಮುಂದಕ್ಕೆ ತಿರುಗುತ್ತವೆ, ಕುರ್ಚಿ ಮುಗ್ಗರಿಸುವುದಿಲ್ಲ. ಎರಡೂ ಬ್ರೇಕ್ ಹಾಕಿ. ಮಂಚದ ಕಡೆಯ ಕೈಯಾಸರೆ ತೆಗೆಯಿರಿ. ಕಾಲುಹಲಗೆ ಮಡಚಿ, ಎರಡೂ ಪಾದ ಕೈಯಿಂದ ಎತ್ತಿ ನೆಲಕ್ಕೆ ಊರಿ. ಈಗ ಸೀಟಿನ ಮುಂದಿನ ಅಂಚಿಗೆ ಜರುಗಿ. ಹಿಂದೆ ಕೂತಲ್ಲಿಂದಲೇ ದಾಟಲು ಹೋದರೆ ಅಂಡು ದೊಡ್ಡ ಗಾಲಿಗೆ ಉಜ್ಜುತ್ತದೆ, ಚರ್ಮ ಕಿತ್ತುಬಂದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಒಂದು ಕೈ ಮಂಚದ ಮೇಲೆ, ಇನ್ನೊಂದು ಕುರ್ಚಿಯ ಮೇಲೆ. ತಲೆಯನ್ನು ಮುಂದಕ್ಕೂ, ಮಂಚಕ್ಕೆ ವಿರುದ್ಧ ದಿಕ್ಕಿಗೂ ಬಾಗಿಸಿ. ತಲೆ ಎಡಕ್ಕೆ ಹೋದರೆ ಸೊಂಟ ಬಲಕ್ಕೆ ಏಳುತ್ತದೆ, ತಕ್ಕಡಿಯ ಹಾಗೆ. ಕೈಬಲಕ್ಕಿಂತ ಈ ತಲೆಯ ತೂಗೇ ಕೆಲಸ ಮಾಡುವುದು. ಒಂದೇ ನೆಗೆತ ಬೇಡ, ಮೂರು ನಾಲ್ಕು ಸಣ್ಣ ಎತ್ತುಗಳಲ್ಲಿ ದಾಟಿ.

ಅಷ್ಟು ಎತ್ತಲು ಆಗದವರಿಗೆ ಜಾರುಹಲಗೆ. 18 ಮಿ.ಮೀ. ಪ್ಲೈವುಡ್‌ನಲ್ಲಿ 70 ಸೆಂ.ಮೀ. ಉದ್ದ, 22 ಸೆಂ.ಮೀ. ಅಗಲ. ಎರಡೂ ತುದಿಯ ನಾಲ್ಕು ಇಂಚನ್ನು ಬಡಗಿಯಿಂದ ದೋಸೆ ಮಗುಚುವ ಸಟ್ಟುಗದ ಅಂಚಿನಷ್ಟು ತೆಳ್ಳಗೆ ಹತ್ತರಿ ಹೊಡೆಸಿ, ಸ್ಯಾಂಡ್‌ಪೇಪರ್ ತಿಕ್ಕಿ, ಎರಡು ಕೋಟು ವಾರ್ನಿಷ್ ಬಳಿಸಿ. ಬರಿಮೈಯಲ್ಲಿ ಅದರ ಮೇಲೆ ಜಾರಬಾರದು, ಬಟ್ಟೆ ಇರಲೇಬೇಕು.

ಮನೆಯವರು ಎತ್ತಬೇಕಾದಾಗ ಇಬ್ಬರು ಬೇಕು. ಒಬ್ಬರು ಹಿಂದಿನಿಂದ ಕಂಕುಳಲ್ಲಿ ಕೈತೂರಿಸಿ ನಿಮ್ಮ ಮುಂಗೈಗಳನ್ನು ಎದೆಗೆ ಅಡ್ಡಲಾಗಿ ಹಿಡಿಯಲಿ, ಇನ್ನೊಬ್ಬರು ಮೊಣಕಾಲಿನ ಕೆಳಗೆ. ತೋಳು ಹಿಡಿದು ಜಗ್ಗಿದರೆ ಹೆಗಲು ಜಾರುತ್ತದೆ. ಇನ್ನು ಮುಂದೆ ನಿಮಗೆ ಹೆಗಲೇ ಕಾಲು ಎಂಬುದನ್ನು ಮನೆಯವರೆಲ್ಲ ತಿಳಿದಿರಬೇಕು.

ಚರ್ಮ

ಬೆನ್ನುಹುರಿಗೆ ಪೆಟ್ಟಾದವರನ್ನು ಮತ್ತೆ ಮತ್ತೆ ಆಸ್ಪತ್ರೆಗೆ ಕೊಂಡೊಯ್ಯುವುದು ಬೆಡ್‌ಸೋರ್. ಒಂದೇ ಕಡೆ ಭಾರ ಬಿದ್ದು ರಕ್ತ ಓಡದೆ ಮಾಂಸ ಸಾಯುತ್ತದೆ. ಮೇಲೆ ರೂಪಾಯಿ ಅಗಲದ ಕೆಂಪು ಕಂಡರೆ ಒಳಗೆ ಮೂಳೆಯವರೆಗೆ ಹಾಳಾಗಿರಬಹುದು. ಆಗುವುದಕ್ಕೆ ಕೆಲವು ಗಂಟೆ ಸಾಕು, ಮಾಯಲು ತಿಂಗಳುಗಟ್ಟಲೆ ಬೇಕು.

ಕುರ್ಚಿಯಲ್ಲಿ ಕೂತಿರುವಾಗ ಅರ್ಧ ಗಂಟೆಗೊಮ್ಮೆ ಮುಂದಕ್ಕೆ ಬಾಗಿ ಎದೆಯನ್ನು ತೊಡೆಗೆ ತಾಗಿಸಿ, ಎರಡು ನಿಮಿಷ ಹಾಗೇ ಇರಿ. ಕೈ ಊರಿ ಅಂಡೆತ್ತುವುದೂ ಸರಿ, ಆದರೆ ಎರಡು ನಿಮಿಷ ಎತ್ತಿ ಹಿಡಿಯಲು ಯಾರಿಗೂ ಆಗುವುದಿಲ್ಲ, ಹೆಗಲೂ ಸವೆಯುತ್ತದೆ, ಬಾಗುವುದೇ ವಾಸಿ. ಮೊಬೈಲಿನಲ್ಲಿ ಅಲಾರಾಂ ಇಡಿ. ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಮಗ್ಗುಲಾದರೆ ತೊಡೆಯ ಪಕ್ಕದ ಮೂಳೆ ಊರುತ್ತದೆ, ಆದ್ದರಿಂದ ಬೆನ್ನಿಗೆ ದಿಂಬು ಕೊಟ್ಟು ಅರೆಮಗ್ಗುಲು ಮಾಡಿ. ಕಣಕಾಲಿನ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ತೇಲಿಸಿ.

ಬೆಳಗ್ಗೆ, ರಾತ್ರಿ ಎರಡು ಹೊತ್ತೂ ಕನ್ನಡಿ ಹಿಡಿದು ನೋಡಿಕೊಳ್ಳಿ: ಬಾಲಮೂಳೆ, ಎರಡೂ ಅಂಡು, ತೊಡೆಯ ಪಕ್ಕ, ಹಿಮ್ಮಡಿ, ಕಣಕಾಲಿನ ಗಂಟು. ಕೆಂಪಗಿದ್ದ ಕಡೆ ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಕೈಮೀರಿಲ್ಲ. ಒತ್ತಿದರೂ ಕೆಂಪು ಹಾಗೇ ಇದ್ದರೆ ಗಾಯ ಶುರುವಾಗಿದೆ, ಅದು ಹೋಗುವವರೆಗೆ ಆ ಜಾಗಕ್ಕೆ ಭಾರವೇ ಬೀಳಬಾರದು, ಕೂರುವುದೂ ಇಲ್ಲ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ. ಅಂಗೈಹಿಂಬದಿಯಿಂದ ಮುಟ್ಟಿ ಬಿಸಿ ಇದೆಯೇ, ಗಟ್ಟಿಯಾಗಿದೆಯೇ ನೋಡಬೇಕು. ಕೆಂಪಾದ ಕಡೆ ಎಣ್ಣೆ ಹಾಕಿ ತಿಕ್ಕಬೇಡಿ. ಗಾಯವಾದರೆ ಅರಿಸಿನ, ಬೂದಿ, ಸ್ಪಿರಿಟ್ ಹಾಕಬೇಡಿ, ವೈದ್ಯರಿಗೆ ತೋರಿಸಿ. ಊಟದಲ್ಲಿ ಬೇಳೆ, ಹೆಸರುಕಾಳು, ಹಾಲು, ತಿನ್ನುವವರಾದರೆ ಮೊಟ್ಟೆ, ಮೀನು ಹೆಚ್ಚಲಿ. ಗಂಜಿ ಉಪ್ಪಿನಕಾಯಿಯಲ್ಲಿ ಗಾಯ ಮಾಯುವುದಿಲ್ಲ.

ಮಳೆಗಾಲ ಚರ್ಮಕ್ಕೆ ಕೆಟ್ಟ ಕಾಲ. ಅರೆ ಒಣಗಿದ ಒಳಉಡುಪು, ಜಿಡ್ಡು ಹಿಡಿದ ಮೆತ್ತೆಯ ಹೊದಿಕೆ ಸಾಕು ಚರ್ಮ ನೆನೆದು ಕಿತ್ತುಬರಲು. ಮೆತ್ತೆಗೆ ಎರಡು ಹೊದಿಕೆ ಹೊಲಿಸಿ. ಬಟ್ಟೆಗೆ ಇಸ್ತ್ರಿ ಹೊಡೆದು ತೇವ ತೆಗೆದು, ಪೂರ್ತಿ ಆರಿದ ಮೇಲೆ ಹಾಕಿಕೊಳ್ಳಿ. ಹಿಂದೆ ಜೇಬಿರುವ ಪ್ಯಾಂಟು, ಜೀನ್ಸ್ ಬೇಡ. ಅದರ ದಪ್ಪ ಹೊಲಿಗೆಯೇ ಗಾಯ ಮಾಡುತ್ತದೆ.

ಮೂತ್ರ ಮತ್ತು ಮಲ

ಇದರ ಬಗ್ಗೆ ಮಾತಾಡಲು ನಾಚಿಕೊಂಡೇ ಎಷ್ಟೋ ಜನ ಮದುವೆ ಮುಂಜಿ ಬಿಟ್ಟು ಮನೆಯಲ್ಲಿ ಕೂರುತ್ತಾರೆ. ಹೊತ್ತು ಹಿಡಿದು ಮಾಡಿದರೆ ಯಾರಿಗೂ ಗೊತ್ತಾಗದಂತೆ ದಿನ ನಡೆಯುತ್ತದೆ.

ಮೂತ್ರಕೋಶಕ್ಕೆ ತಾನೇ ಖಾಲಿಯಾಗಲು ಬಾರದಿದ್ದರೆ, ಸದಾ ನಳಿಕೆ ಇಟ್ಟುಕೊಳ್ಳುವುದಕ್ಕಿಂತ ಹೊತ್ತು ಹೊತ್ತಿಗೆ ನೀವೇ ಕ್ಯಾಥೆಟರ್ (ಮೂತ್ರ ತೆಗೆಯುವ ತೆಳು ನಳಿಕೆ) ಹಾಕಿ ತೆಗೆಯುವುದು ಒಳ್ಳೆಯದು. ಕೈಬೆರಳು ಆಡುವ ಹೆಚ್ಚಿನವರಿಗೆ ಇದು ಸಾಧ್ಯ. ಆಸ್ಪತ್ರೆಯಲ್ಲಿ ನರ್ಸ್ ಎದುರು ಕಲಿತುಕೊಂಡೇ ಮನೆಗೆ ಬನ್ನಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಹಾಕಬೇಕು. ಸಾಮಾನ್ಯವಾಗಿ 12 ಅಥವಾ 14 ನಂಬರಿನ ಕ್ಯಾಥೆಟರ್ ಬರೆದುಕೊಡುತ್ತಾರೆ. ಕೈಯನ್ನು ಸೋಪಿನಿಂದ ತೊಳೆದು, ಮೂತ್ರದ್ವಾರ ಒರೆಸಿ, ಜೆಲ್ಲಿ ಹಚ್ಚಿ ನಿಧಾನ ತೂರಿಸಿ; ಹರಿವು ನಿಂತ ಮೇಲೆ ಸ್ವಲ್ಪ ಸ್ವಲ್ಪವೇ ಹೊರಗೆಳೆಯಿರಿ, ಮಧ್ಯೆ ಮತ್ತೆ ಹರಿದರೆ ಎಳೆಯುವುದನ್ನು ನಿಲ್ಲಿಸಿ ಕಾಯಿರಿ. ಅಡ್ಡಿಯಾದರೆ ಒತ್ತಬೇಡಿ.

ಅಳತೆಯ ಪಾತ್ರೆ ಇಟ್ಟುಕೊಂಡು ಮೊದಲ ತಿಂಗಳು ಬರೆದಿಡಿ. ಒಂದು ಸಲಕ್ಕೆ 500 ಮಿ.ಲೀ. ದಾಟಬಾರದು. ದಾಟುತ್ತಿದ್ದರೆ ಮೂತ್ರಕೋಶ ಹಿಗ್ಗಿ ಮೂತ್ರ ಹಿಂದಕ್ಕೆ ಕಿಡ್ನಿಗೆ ಒತ್ತುತ್ತದೆ. ಆಗ ನೀರು ಕುಡಿಯುವುದನ್ನು ಬಿಡುವುದಲ್ಲ, ಹಾಕುವ ಹೊತ್ತನ್ನು ಹತ್ತಿರ ತರಬೇಕು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ, ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ, ಹಗಲಿಗೆ ಹಂಚಿಕೊಂಡು ಕುಡಿಯಿರಿ. ರಾತ್ರಿ ಊಟದ ಮೇಲೆ ಕಡಿಮೆ ಮಾಡಿದರೆ ನಿದ್ದೆ ಕೆಡುವುದಿಲ್ಲ.

ಕ್ಯಾಥೆಟರನ್ನು ಒಂದೇ ಸಲ ಬಳಸಿ ಎಸೆಯುವುದು ಉತ್ತಮ. ಖರ್ಚು ತಾಳದೆ ವೈದ್ಯರು ತೊಳೆದು ಬಳಸಲು ಹೇಳಿದ್ದರೆ, ತೆಗೆದ ಕೂಡಲೇ ಒಳಗೂ ಹೊರಗೂ ಸೋಪುನೀರು ಹಾಯಿಸಿ, ತೊಳೆದು, ನೇತುಹಾಕಿ ಒಣಗಿಸಬೇಕು. ಮಳೆಗಾಲದಲ್ಲಿ ಒಳಗಿನ ಹನಿ ಆರುವುದೇ ಇಲ್ಲ. ಹಾಗೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ಅಲ್ಲೇ ರೋಗಾಣು ಬೆಳೆಯುತ್ತದೆ. ಹೆಚ್ಚು ಕ್ಯಾಥೆಟರ್ ಇಟ್ಟುಕೊಂಡು ಸರದಿಯಲ್ಲಿ ಬಳಸಿ, ಒಣಗದ್ದನ್ನು ಮುಟ್ಟಬೇಡಿ. ಒಲೆಯ ಮೇಲಿನ ಹೊಗೆಯಲ್ಲಿ ನೇತುಹಾಕಬೇಡಿ.

ಮೂತ್ರ ಕದಡಿ ವಾಸನೆ ಬಂದು, ಚಳಿಜ್ವರ ಬಂದರೆ, ಅಥವಾ ಕಾಲು ಸೆಟೆಯುವುದು ದಿಢೀರ್ ಹೆಚ್ಚಾದರೆ ಮೂತ್ರ ಪರೀಕ್ಷೆ ಮಾಡಿಸಿ. ಜ್ವರವಿಲ್ಲದೆ ಬರಿ ವಾಸನೆಗೆ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ನುಂಗಬೇಡಿ. ಮುಂದೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡುವುದಿಲ್ಲ. ವರ್ಷಕ್ಕೊಮ್ಮೆ ಕಿಡ್ನಿ ಸ್ಕ್ಯಾನ್ ತಪ್ಪಿಸಬೇಡಿ.

ಮಲಕ್ಕೆ ದಿನವೂ ಅಥವಾ ದಿನ ಬಿಟ್ಟು ದಿನ ಒಂದೇ ಹೊತ್ತು. ಬೆಳಗಿನ ತಿಂಡಿ, ಬಿಸಿ ಕಾಫಿ ಆದ ಇಪ್ಪತ್ತು ನಿಮಿಷಕ್ಕೆ ಕರುಳು ತಾನೇ ಆಡುತ್ತದೆ, ಆಗ ಕಮೋಡ್ ಕುರ್ಚಿಯಲ್ಲಿ ಕೂರಿ. ಗುದದ್ವಾರದಲ್ಲಿ ಗ್ಲಿಸರಿನ್ ಗುಳಿಗೆ ಇಡುವುದೋ, ಗ್ಲೌಸ್ ಹಾಕಿ ಬೆರಳಿನಿಂದ ಪ್ರಚೋದಿಸುವುದೋ ನಿಮ್ಮ ಪೆಟ್ಟು ಎಲ್ಲಿದೆ ಎಂಬುದರ ಮೇಲೆ ನಿಂತಿದೆ, ಆಸ್ಪತ್ರೆಯಲ್ಲಿ ಕೇಳಿಕೊಂಡು ಬನ್ನಿ. ಹೊತ್ತು ರೂಢಿಯಾಗಲು ಕೆಲವು ವಾರ ಬೇಕು, ನಡುವೆ ಬದಲಿಸಿದರೆ ಮೊದಲಿನಿಂದ ಶುರು.

ಇದ್ದಕ್ಕಿದ್ದಂತೆ ತಲೆ ಸಿಡಿದರೆ

ಪೆಟ್ಟು ಎದೆಯ ಬೆನ್ನುಮೂಳೆಯ ಆರನೆಯದರಲ್ಲಿ (ಟಿ-6) ಅಥವಾ ಅದಕ್ಕಿಂತ ಮೇಲೆ ಇರುವವರು ಈ ಭಾಗವನ್ನು ಬರೆದು ಮಂಚದ ಬಳಿ ಅಂಟಿಸಿ. ಮೂತ್ರಕೋಶ ತುಂಬಿದರೂ, ನಳಿಕೆ ಮಡಚಿದರೂ, ಮಲ ಕಟ್ಟಿದರೂ, ಕಾಲ್ಬೆರಳಿನ ಉಗುರು ಒಳಗೆ ಬೆಳೆದರೂ ಕೆಳಗಿನ ದೇಹ ಅದನ್ನು ನೋವೆಂದು ಹೇಳಲಾರದೆ ರಕ್ತದೊತ್ತಡವನ್ನು ಏರಿಸಿಬಿಡುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪೇರುತ್ತದೆ, ಪೆಟ್ಟಿನಿಂದ ಮೇಲೆ ಬೆವರು. ಇದು ಪ್ರಾಣಕ್ಕೆ ಬರುವಂಥದ್ದು.

ಮಲಗಿಸಬೇಡಿ. ತಕ್ಷಣ ಎದ್ದು ಕೂರಿಸಿ, ಕಾಲು ಕೆಳಗಿಳಿಸಿ. ಬೆಲ್ಟು, ಉಡಿದಾರ, ಸಾಕ್ಸ್ ಸಡಿಲಿಸಿ. ಕ್ಯಾಥೆಟರ್ ಹಾಕಿ ಮೂತ್ರ ತೆಗೆಯಿರಿ. ನಳಿಕೆ ಇದ್ದರೆ ಮಡಚಿದೆಯೇ, ಕಟ್ಟಿದೆಯೇ ನೋಡಿ. ಆಮೇಲೆ ಮಲ, ಆಮೇಲೆ ಚರ್ಮ. ಈ ಮಟ್ಟದ ಪೆಟ್ಟಿದ್ದವರ ಬಿಪಿ ಸಹಜವಾಗಿಯೇ ಕಡಿಮೆ, ಮೇಲಿನ ಅಂಕಿ 90ರಿಂದ 110ರ ಸುಮಾರು. ಹಾಗಾಗಿ 140 ಬಂದರೂ ನಿಮಗೆ ಅದು ಅಪಾಯ. ಕಾರಣ ಸಿಗದಿದ್ದರೆ, ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಸಣ್ಣ ಆಸ್ಪತ್ರೆಯಲ್ಲಿ ‘140 ತಾನೇ’ ಎಂದು ಬಿಟ್ಟುಬಿಡಬಹುದು, ಆದ್ದರಿಂದ ನಿಮ್ಮ ಮಾಮೂಲಿ ಬಿಪಿ ಎಷ್ಟೆಂದು ಬರೆದ ಚೀಟಿ ಜೇಬಿನಲ್ಲಿರಲಿ.

ಬಚ್ಚಲು, ಬೆಂಕಿ, ಇಂಬಳ, ಉಣುಗು

ಹಂಡೆಯ ಬಿಸಿನೀರು ನೇರ ಮೈಗೆ ಬೇಡ. ಬಕೆಟ್ಟಿಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು, ಮೊಣಕೈ ಅದ್ದಿ ನೋಡಿದ ಮೇಲೆ ಕಾಲಿಗೆ. ಮಳೆಗಾಲದ ಸಂಜೆ ಬಚ್ಚಲ ಒಲೆ ಮುಂದೆ ಚಳಿ ಕಾಯಿಸುವಾಗ ಮುಖಕ್ಕೆ ಹಿತವಾದ ಬಿಸಿ ಮೊಣಕಾಲನ್ನು ಸುಟ್ಟಿರುತ್ತದೆ; ಕಾಲಿಗೆ ಒದ್ದೆ ಕಂಬಳಿ ಹೊದ್ದು ಕೂತರೂ ಆವಿ ಸುಡುತ್ತದೆ. ಬಿಸಿ ಲೋಟ, ಲ್ಯಾಪ್‌ಟಾಪ್ ತೊಡೆಯ ಮೇಲೆ ಇಡಬಾರದು. ಪಕ್ಕಗಾಲಿ ಹಾಕಿದ ಸ್ಕೂಟರಿನಲ್ಲಿ ಸೈಲೆನ್ಸರ್ ಕಡೆ ಕಾಲು ಜಾರದಂತೆ ಬೆಲ್ಟ್ ಕಟ್ಟಿ, ತಗಡಿನ ತಡೆ ಹಾಕಿಸಿ.

ನಾಟಿ ಎಣ್ಣೆ ಹಾಕಿ ಜೋರಾಗಿ ನೀವಿಸುವುದು, ಇಟ್ಟಿಗೆ ಕಾಸಿ ಶಾಖ ಕೊಡುವುದು ಎರಡೂ ಬೇಡ. ನಡೆಯದ ಕಾಲಿನ ಮೂಳೆ ಕೆಲವೇ ತಿಂಗಳಲ್ಲಿ ಸೊರಗುತ್ತದೆ, ಜೋರು ಕೈಗೆ ಮುರಿಯುತ್ತದೆ. ಕೀಲುಗಳನ್ನು ದಿನಕ್ಕೊಮ್ಮೆ ಮೆಲ್ಲಗೆ ಮಡಚಿ ಬಿಚ್ಚಿದರೆ ಸಾಕು. ಒಂದೇ ಕಾಲು ಊದಿ ಬಿಸಿಯಾದರೆ ನೀವದೆ ಆಸ್ಪತ್ರೆಗೆ ಹೋಗಿ, ರಕ್ತ ಹೆಪ್ಪುಗಟ್ಟಿರಬಹುದು.

ತೋಟಕ್ಕೆ ಹೋಗಿ ಬಂದ ಮೇಲೆ ಕಾಲು ಬಿಚ್ಚಿ ನೋಡುವುದು ಕಡ್ಡಾಯ. ಇಂಬಳ (ಜಿಗಣೆ) ಹತ್ತಿದ್ದು ನಿಮಗೆ ಗೊತ್ತಾಗುವುದಿಲ್ಲ, ಬಿಟ್ಟ ಮೇಲೂ ರಕ್ತ ಬಹಳ ಹೊತ್ತು ನಿಲ್ಲುವುದಿಲ್ಲ, ಆ ತೂತೇ ಒದ್ದೆ ಸಾಕ್ಸಿನಲ್ಲಿ ಹುಣ್ಣಾಗುತ್ತದೆ. ಉಗುರಿನಿಂದ ಜಾರಿಸಿ ತೆಗೆದು ಸೋಪಿನಲ್ಲಿ ತೊಳೆದು ಒಣ ಬಟ್ಟೆ ಕಟ್ಟಿ. ಮಳೆ ನಿಂತ ಮೇಲೆ ಉಣುಗಿನ (ಉಣ್ಣೆಹುಳದ) ಸರದಿ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆಯನ್ನು ಕಾಲಿಗೂ ಹಚ್ಚಿಕೊಂಡೇ ಹೊರಡಿ. ಆ ತಿಂಗಳುಗಳಲ್ಲಿ ಜ್ವರ ಬಂದರೆ ‘ಮೂತ್ರದ್ದೇ ಇರಬೇಕು’ ಎಂದುಕೊಂಡು ಸುಮ್ಮನಿರಬೇಡಿ, ಎರಡಕ್ಕೂ ಪರೀಕ್ಷೆ ಕೇಳಿ.

ಕರೆಂಟು ಹೋದಾಗ

ಏರ್‌ಬೆಡ್‌ನ ಪಂಪು ನಿಂತರೆ ಗಾಳಿ ಇಳಿದು ನೀವು ಹಲಗೆಯ ಮೇಲೆ ಮಲಗಿದಂತೆ. ಕರೆಂಟು ಮೂರು ದಿನ ಬಾರದ ಮಳೆ ನಮ್ಮದು. ಪಂಪಿಗೆ ಬೇಕಾದ ವಿದ್ಯುತ್ ಬಹಳ ಕಡಿಮೆ, ಮನೆಯ ಇನ್ವರ್ಟರಿನಲ್ಲಿ ಅದಕ್ಕೆ ಬೇರೆ ಪ್ಲಗ್ ಕೊಡಿಸಿ, ಟಿವಿ ಹಚ್ಚಿ ಬ್ಯಾಟರಿ ಖಾಲಿ ಮಾಡಬೇಡಿ. ಏರ್‌ಬೆಡ್ಡಿನ ಕೆಳಗೆ ನಾಲ್ಕಿಂಚಿನ ಫೋಮ್ ಹಾಸಿಗೆ ಇದ್ದೇ ಇರಲಿ. ಸಿಗ್ನಲ್ ಇಲ್ಲದ ಮನೆಯಲ್ಲಿ ಮಂಚಕ್ಕೆ ಹಗ್ಗ ಕಟ್ಟಿದ ದನದ ಗಂಟೆ ಮೊಬೈಲಿಗಿಂತ ನೆಚ್ಚಿಕೆಯದು. ಒಂದು ತಿಂಗಳ ಕ್ಯಾಥೆಟರ್, ಗ್ಲೌಸ್, ಮಾತ್ರೆ ಮೇ ತಿಂಗಳಲ್ಲೇ ತಂದಿಡಿ.

ಕಾಗದಪತ್ರ

ಮೊದಲು ಯುಡಿಐಡಿ ಕಾರ್ಡು, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿ. ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಹೆಚ್ಚಿನ ಸೌಲಭ್ಯಗಳು ಶೇ. 40 ಮತ್ತು ಮೇಲ್ಪಟ್ಟ ಅಂಗವೈಕಲ್ಯಕ್ಕೆ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಅರ್ಜಿ ತುಂಬಿಸುವುದು ಅವರ ಕೆಲಸವೇ, ಸಂಕೋಚಪಡದೆ ಮನೆಗೆ ಕರೆಯಿರಿ. ಮಾಸಾಶನಕ್ಕೆ ನಾಡಕಚೇರಿ, ಮನೆಯಿಂದ 100 ಕಿ.ಮೀ. ವ್ಯಾಪ್ತಿಯ ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸಿಗೆ ಸೇವಾಸಿಂಧು. ಮತಗಟ್ಟೆಗೆ ಹೋಗಲು ಆಗದಿದ್ದರೆ ಚುನಾವಣೆ ಘೋಷಣೆಯಾದ ಕೂಡಲೇ ನಮೂನೆ 12ಡಿ ಕೊಟ್ಟು ಮನೆಯಲ್ಲೇ ಮತ ಹಾಕಬಹುದು. ದಾರಿ ಇದ್ದರೆ ಮತಗಟ್ಟೆಗೇ ಹೋಗಿ, ಅಲ್ಲಿ ಇಳಿಜಾರು ಕಟ್ಟಿಸುವುದು ಅವರ ಹೊಣೆ.

ಮೇಲೆ ಹೇಳಿದ್ದನ್ನೆಲ್ಲ ಕೈಹಿಡಿದು ಕಲಿಸುವ ಕಡೆ ಕೆಲವು ವಾರ ಇದ್ದು ಬರುವಂತಿದ್ದರೆ ಬಿಡಬೇಡಿ. ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರಿಗಾಗಿ ಶುರುವಾದ ಎಪಿಡಿ ಸಂಸ್ಥೆ ಇದೆ, ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗ ಇದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಪುನರ್ವಸತಿ ವಿಭಾಗ ಕಟ್ಟಿದ ಡಾ. ಮೇರಿ ವರ್ಗೀಸ್, 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ಮೇಲೆ ವೀಲ್‌ಚೇರ್‌ನಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದವರು. ದಾಂಪತ್ಯ, ಮಕ್ಕಳ ಬಗ್ಗೆಯೂ ಅಲ್ಲಿ ಬಾಯಿಬಿಟ್ಟು ಕೇಳಿ. ಹೆಂಗಸರಿಗೆ ಕೆಲವು ತಿಂಗಳಲ್ಲಿ ಮುಟ್ಟು ಮೊದಲಿನಂತಾಗುತ್ತದೆ, ಗರ್ಭಿಣಿಯಾಗಬಹುದು. ಗಂಡಸರಿಗೂ ಚಿಕಿತ್ಸೆಯಿಂದ ದಾರಿಗಳಿವೆ. ಮನಸ್ಸು ತೀರಾ ಕುಸಿದ ದಿನ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ತೋಟದ ದಾರಿ, ಕೈಗೆ ಕೆಲಸ

ಬೇಲಿ ದಾಟಲು ಉಣಗೋಲು, ದಣಪೆ ಇರುವ ಕಡೆ ಮೂರೂವರೆ ಅಡಿಯ ಗೇಟು ಮಾಡಿಸಿ. ಬಸಿಗಾಲುವೆಗೆ ಹಾಕಿದ ಅಡಿಕೆ ದಬ್ಬೆಯ ಸಂಕ (ಕಾಲುಸೇತುವೆ) ಒಂದು ಮಳೆಗಾಲಕ್ಕೆ ಕೊಳೆಯುತ್ತದೆ, ಸರಳು ಹಾಕಿದ ಮೂರೂವರೆ ಅಡಿ ಅಗಲದ ಸಿಮೆಂಟ್ ಹಾಸು ಬೇಕು. ಖರ್ಚು ಉಳಿಸಲು ಎರಡು ಗಾಲಿಗೆ ಎರಡು ಹಲಗೆ ಹಾಕುತ್ತಾರೆ. ಅದು ಅಪಾಯ: ಮುಂದಿನ ಸಣ್ಣ ಗಾಲಿಗಳ ನಡುವಿನ ಅಗಲ ಹಿಂದಿನವಕ್ಕಿಂತ ಕಡಿಮೆ, ಅವು ಹಲಗೆಯ ನಡುವೆ ಸಿಕ್ಕಿ ಕುರ್ಚಿ ಕಾಲುವೆಗೆ ಮಗುಚುತ್ತದೆ.

ಕೊಯ್ಲಿನ ಕಾಲಕ್ಕೆ ಅಡಿಕೆ ಸುಲಿಯುವವರ ಜೊತೆ ಕೂರಿ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿಯುವುದು ನಿಮಗೆ ಆಗದು, ಅದನ್ನು ಬೇರೆ ರೀತಿ ಬಿಗಿಯಬೇಕು. ಊಟದ ಮೇಜಿಗೆ ಬಿಗಿದರೆ ಅಲಗು ಎದೆಮಟ್ಟಕ್ಕೆ ಬಂದು ಒಂದೇ ಗಂಟೆಯಲ್ಲಿ ಹೆಗಲು ಸೋಲುತ್ತದೆ. ಒಂದೂವರೆ ಅಡಿ ಎತ್ತರದ ಭಾರದ ಬೆಂಚು ಆರಿಸಿ, ಮಣೆಯನ್ನು ಅದಕ್ಕೆ ಎರಡು ಜಿ-ಕ್ಲ್ಯಾಂಪಿನಿಂದ ಬಿಗಿಯಿರಿ. ಬೆಂಚು ನಿಮ್ಮ ಬಲತೊಡೆಯ ಪಕ್ಕ ಬರಲಿ, ಎಡಗೈಯವರಿಗೆ ಎಡಕ್ಕೆ. ಆಗ ಮೊಣಕೈ ನೇರಕೋನದಲ್ಲಿ ಮಡಚಿ, ಅಡಿಕೆಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸಲು ಮೈಭಾರವೂ ಸಿಗುತ್ತದೆ. ತೊಡೆಯ ಮೇಲೆ ದಪ್ಪ ರೆಕ್ಸಿನ್ ಹಾಸಿಕೊಳ್ಳಿ: ಜಾರಿದ ಅಲಗು ತೊಡೆ ಸೀಳಿದರೆ ರಕ್ತ ಕಂಡ ಮೇಲಷ್ಟೇ ತಿಳಿಯುವುದು. ಸಿಪ್ಪೆ ಬೀಳಲು ಎಡಕ್ಕೆ ಬುಟ್ಟಿ, ಸುಲಿದ ಅಡಿಕೆಗೆ ಬಲಕ್ಕೆ ಬುಟ್ಟಿ, ಎರಡೂ ಸೀಟಿನ ಎತ್ತರದ ಸ್ಟೂಲಿನ ಮೇಲೆ. ನೆಲಕ್ಕೆ ಬಗ್ಗಿದರೆ ಕುರ್ಚಿ ಮಗುಚುತ್ತದೆ. ಒಣಗಿದ ಮೇಲೆ ರಾಶಿ, ಬೆಟ್ಟೆ, ಗೊರಬಲು ಎಂಬ ದರ್ಜೆಗಳಾಗಿ ಆರಿಸುವ ಕೆಲಸಕ್ಕೆ ಕೈಬಲಕ್ಕಿಂತ ಕಣ್ಣು ಮುಖ್ಯ, ಕೈ ಸೋತವರಿಗೆ ಅದು ಒಳ್ಳೆಯದು.

ಸುಲಿಗೆ ರಾತ್ರಿ ಹತ್ತು ಹನ್ನೊಂದರವರೆಗೆ ನಡೆಯುತ್ತದೆ. ಕೂರುವ ಮುಂಚೆ ಕ್ಯಾಥೆಟರ್ ಹಾಕಿ ಬನ್ನಿ, ಬಾಗುವ ಅಲಾರಾಂ ನಿಲ್ಲಿಸಬೇಡಿ, ಅದು ಹೊಡೆದಾಗ ಪಕ್ಕದವರೇ ‘ಬಗ್ಗಪ್ಪ’ ಎಂದು ನೆನಪಿಸುವಷ್ಟು ಅವರಿಗೂ ರೂಢಿಯಾಗಲಿ. ಬೆಂಚನ್ನು ಗೋಡೆಯ ಕಡೆ ತಿರುಗಿಸಿ ಮೂಲೆಯಲ್ಲಿ ಇಡಬೇಡಿ. ಸಾಲಿನ ನಡುವೆ, ಮಾತು ಕೇಳುವಲ್ಲಿ, ಬಲ್ಬಿನ ಬೆಳಕು ಅಲಗಿನ ಮೇಲೆ ಬೀಳುವ ಹಾಗೆ ಇಡಿ.